ಎರಡನೆಯ ಕೀಲಿ

ಬಿ-ಯುನ್ ಕರೆಂಟಿನ ಕೆಲಸ ಕಲಿತದ್ದು ಖಾಂಗ್ ಮೇಸ್ತ್ರಿಯ ಹತ್ತಿರ. ಪಿಂಗ್‌ತುಂಗ್ ಊರಿನ ಒಂದು ಕಾಗದದ ಕಾರ್ಖಾನೆಯಲ್ಲಿ ಹೆಣ್ಣುಮಗಳನ್ನು ಬ್ರೇಕರ್ ಕೋಣೆಗೆ ಸೇರಿಸಿಕೊಳ್ಳಲು ಎಲ್ಲರೂ ಮೂಗು ಮುರಿದಾಗ, "ನನ್ ಜೊತೆ ಇರ್ತಾಳೆ, ನಿಮಗೇನ್ರಯ್ಯ ಕಷ್ಟ?" ಎಂದು ಅಡಿಕೆ ಜಗಿಯುತ್ತಲೇ ಹೇಳಿದವನು ಅವನು. ಮುಂದೆ ಅವಳು ತಪಾಸಣೆಯ ಲೈಸೆನ್ಸ್ ಪಡೆದು ಹತ್ತಾರು ಕಾರ್ಖಾನೆಗಳಿಗೆ ಹೋಗತೊಡಗಿದಳು. ಆದರೂ ವರ್ಷಕ್ಕೊಮ್ಮೆ ಇಲ್ಲಿಗೆ ಬಂದರೆ ತವರಿಗೆ ಬಂದ ಹಾಗಿರುತ್ತಿತ್ತು.

ಅವಳು ಪರೀಕ್ಷಿಸಬೇಕಾದದ್ದು ಒಂದು ಬೀಗ. ಮಹಡಿಯ ಕೋಣೆಯಲ್ಲಿ ಕರೆಂಟನ್ನು ಬಿಡುವ, ಕಡಿಯುವ ಬ್ರೇಕರ್. ಕೆಳಗೆ, ಅದರಿಂದ ಕರೆಂಟು ಇಳಿದುಬರುವ ಕಬ್ಬಿಣದ ಕಪಾಟು. ಎರಡಕ್ಕೂ ಸೇರಿ ಒಂದೇ ಕೀಲಿ. ಬ್ರೇಕರ್ ಆಫ್ ಆಗದೆ ಕೀಲಿ ಹೊರಗೆ ಬಾರದು. ಅದಿಲ್ಲದೆ ಕಪಾಟಿನ ಬಾಗಿಲು ತೆರೆಯದು. ಬಾಗಿಲು ತೆರೆದಿರುವಷ್ಟು ಹೊತ್ತೂ ಕೀಲಿ ಅಲ್ಲೇ ಕಚ್ಚಿಕೊಂಡಿರುವುದರಿಂದ ಮೇಲೆ ಬ್ರೇಕರ್ ಆನ್ ಆಗುವಂತೆಯೇ ಇಲ್ಲ. "ಆ ಕೀ ನಿನ್ ಕಣ್ಣೆದುರಿಗೆ ಇರೋವರೆಗೂ ಯಮನೂ ನಿನ್ನ ಮುಟ್ಟಲ್ಲ ಕಣಮ್ಮ," ಎಂದು ಮೇಸ್ತ್ರಿ ಕಲಿಸಿದ್ದ.

ಈ ವರ್ಷ ಅವಳು ಬಂದ ಬೆಳಿಗ್ಗೆಯೂ ಇಬ್ಬರೂ ಸೇರಿ ನೋಡಿದರು. ಕೀಲಿ ಕಿತ್ತು ಬ್ರೇಕರಿನ ಗುಂಡಿ ಒತ್ತಿದರೆ ಅದು ಜಪ್ಪಯ್ಯ ಅನ್ನಲಿಲ್ಲ. ಬೀಗ ಪಾಸಾಯಿತು. ಬ್ರೇಕರಿನ ತಲೆಯ ಮೇಲೆ, ಯಂತ್ರ ಹಟ ಮಾಡದಿರಲೆಂದು ಇಟ್ಟಿದ್ದ ಹಸಿರು ಪೊಟ್ಟಣದ ಕುರುಕಲು ತಿಂಡಿ ಹಳತಾಗಿತ್ತು. ಮೇಸ್ತ್ರಿ ಹೊಸದನ್ನಿಟ್ಟು ಕೈಮುಗಿದ. ಮ್ಯಾನೇಜರ್ ಮಾತ್ರ ಬಾಗಿಲಿಗೆ ಬಂದು ಬಂದು, "ತೊಟ್ಟೀಲಿ ಕಾಗದದ ಪಲ್ಪ್ ಗಟ್ಟಿಯಾಗ್ತಿದೆ, ಬೇಗ ಮುಗಿಸ್ರಪ್ಪ," ಎಂದು ಗೊಣಗುತ್ತಿದ್ದ.

ಊಟಕ್ಕೆಂದು ಎಲ್ಲರೂ ಎದ್ದರು. ಕೆಳಗಿನ ಕಪಾಟು ತೆರೆದೇ ಇತ್ತು, ಕೀಲಿ ಬಾಗಿಲಲ್ಲೇ ಇತ್ತು. ಬಿ-ಯುನ್ ಅರ್ಧ ಡಬ್ಬಿ ಅನ್ನ ತಿಂದು, ಕಪಾಟಿನೊಳಗೆ ಧೂಳು ಒರೆಸುವುದು ಬಾಕಿಯಿದೆಯೆಂದು, ಯಾರಿಗೂ ಹೇಳದೆ ವಾಪಸು ಬಂದಳು. ಬಟ್ಟೆ ಮಡಚುತ್ತಿರುವಾಗ ಮೇಲೆ ಧಡ್ ಎಂಬ ಸದ್ದಾಯಿತು. ಯಾರೋ ಏನೋ ಬೀಳಿಸಿದರು ಅಂದುಕೊಂಡಳು. ಕೀಲಿ ಕಣ್ಣೆದುರಿಗೇ ಇತ್ತು. ಆದರೂ ಒಳಗೆ ಕೈಹಾಕುವ ಮುಂಚೆ ಕರೆಂಟು ನೋಡುವ ಕೋಲು ಚಾಚಿದಳು, ಬರೀ ಅಭ್ಯಾಸಬಲದಿಂದ. ಅದರ ತುದಿಯ ದೀಪ ಕೆಂಪಗೆ ಹೊತ್ತಿಕೊಂಡು ಕೋಲು ಕಿರುಚಿತು. ಒಳಗೆ ಕರೆಂಟಿತ್ತು.

ಹಿಂದೆ ಜಿಗಿದು, ಗೋಡೆಯ ಮೇಲಿನ, ಕರೆಂಟು ಕಡಿಯುವ ಕೆಂಪು ಗುಂಡಿಯನ್ನು ಗುದ್ದಿದಳು. ಗಂಟೆ ಬಡಿಯಿತು. ಕಪಾಟಿನ ಬಾಗಿಲು ಮುಚ್ಚಿ, ಕೀಲಿ ಕಿತ್ತು, ಮುಷ್ಟಿಯಲ್ಲಿ ಹಿಡಿದು ಮಹಡಿ ಹತ್ತಿದಳು.

ಒಳಗೆ, ಗಂಟೆ ಕೇಳಿ ಓಡಿಬಂದ ಮ್ಯಾನೇಜರ್ ಏದುಸಿರು ಬಿಡುತ್ತಿದ್ದ. ಬ್ರೇಕರಿನ ಮುಂದೆ ಖಾಂಗ್. ಬ್ರೇಕರಿನ ಬೀಗದಲ್ಲಿ ಇನ್ನೊಂದು ಕೀಲಿ ಇತ್ತು.

"ಯಾರ್ರೀ ಆನ್ ಮಾಡಿದ್ದು?" ಎಂದ ಮ್ಯಾನೇಜರ್.

"ನಾನೇ ಸಾರ್," ಎಂದ ಖಾಂಗ್, ಬಾಗಿಲಲ್ಲಿ ಅವಳು ನಿಂತದ್ದನ್ನು ನೋಡದೆ. "ಪಲ್ಪ್ ಗಟ್ಟಿಯಾಗ್ದಂಗೆ ಪಂಪು ಒಂದ್ ಸುತ್ತು ತಿರುಗಲಿ ಅಂತ. ಕೀ ಇಲ್ಲೇ ಇತ್ತು, ಎಲ್ಲಾ ಮುಚ್ಚಿದೆ ಅಂದ್ಕೊಂಡೆ. ಆ ಹುಡುಗಿ ವಾಪಸ್ ತಂದು ಹಾಕಿ ಹೇಳೋದು ಮರೆತಿರಬೇಕು. ಈಚೆಗೆ ಸ್ವಲ್ಪ ಮರೆವು ಅವಳಿಗೆ."

ಬಿ-ಯುನ್ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಮ್ಯಾನೇಜರ್ ಅವಳ ಅಂಗೈ ನೋಡಿದ, ಬೀಗ ನೋಡಿದ, ಆಮೇಲೆ ಖಾಂಗ್‌ನ ಮುಖ ನೋಡಿದ.

"ನಂಗ್ ಮರೆವಾ ಮೇಸ್ತ್ರಿ?" ಅವಳ ದನಿ ಏರಲಿಲ್ಲ.

ಖಾಂಗ್ ಒಪ್ಪಿಕೊಂಡ. ಎರಡನೆಯ ಕೀಲಿಯನ್ನು ಸಂತೆಬೀದಿಯ ಬೀಗದ ಅಂಗಡಿಯಲ್ಲಿ ಮಾಡಿಸಿದ್ದಂತೆ. ಮೇಲೆ ಕೆಳಗೆ ಓಡಾಡಿ ಮಂಡಿ ಸೋತಿತ್ತಂತೆ.

ಬೀಗವನ್ನು ಬದಲಾಯಿಸಿದರು. ಖಾಂಗ್‌ನನ್ನು ಕೆಲಸದಿಂದ ತೆಗೆದರು. ಒಂದು ಭಾನುವಾರ ಅವನು ಸ್ಕೂಟರಿನಲ್ಲಿ ಪನ್ನೇರಳೆ ಹಣ್ಣಿನ ಬುಟ್ಟಿ ತೂಗುಹಾಕಿಕೊಂಡು ಅವಳ ಮನೆಗೆ ಬಂದ. ಅವಳು ಒಳಗೆ ಕರೆಯಲಿಲ್ಲ.

"ಹೆದರಿಕೆಗೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ ಕಣಮ್ಮ. ನೀನು ಅಲ್ಲಿದೀಯ ಅಂತ ಗೊತ್ತಿದ್ರೆ ಮುಟ್ತಿದ್ನಾ? ನೀನು ನನ್ ಮಗಳಿದ್ದಂಗೆ."

"ಹೋದ್ ವರ್ಷ ನಾನು ಭುಜದವರೆಗೂ ಕೈಯನ್ನ ಕಪಾಟಿನೊಳಗೆ ತೂರಿಸಿ ಒರೆಸ್ತಿದ್ದೆ. ಹಾಡು ಬೇರೆ ಹೇಳ್ತಿದ್ದೆ, ನೀವು ಮೇಲಿಂದ ನಕ್ರಿ. ಆಗಲೂ ಆ ಕೀ ಇತ್ತಾ?"

ಅವನು ಬುಟ್ಟಿಯ ಹಿಡಿಯನ್ನು ತಿರುವುತ್ತಾ ನಿಂತ.

"ಕೇಳ್ತಿದೀನಿ ಮೇಸ್ತ್ರಿ."

"ಇತ್ತು. ಜೇಬಲ್ಲಿತ್ತು."

ಅವಳು ಆ ದಿನವನ್ನು ಎಷ್ಟೋ ಸಲ ನೆನೆಸಿಕೊಂಡು ನಕ್ಕಿದ್ದಳು. ಮೇಲೆ ಮೇಸ್ತ್ರಿ ಇದ್ದಾನೆಂಬ ಧೈರ್ಯಕ್ಕೇ ಆ ಹಾಡು ಬಾಯಿಗೆ ಬಂದಿತ್ತು. ಈಗ ಆ ನೆನಪೂ ಅವಳದಾಗಿ ಉಳಿಯಲಿಲ್ಲ.

"ಹಣ್ಣು ತಗೊಂಡ್ ಹೋಗಿ," ಎಂದಳು.

ಅವನು ಬುಟ್ಟಿ ಎತ್ತಿಕೊಂಡು ಹೊರಟ. ಮಂಡಿ ನಿಜಕ್ಕೂ ಸೋತಿತ್ತು. ಸ್ಕೂಟರಿನ ಮೇಲೆ ಕಾಲು ಹಾಕಲು ಒದ್ದಾಡಿದ. ಅವಳ ಬಾಯಿಂದ ತಂತಾನೇ, "ನಿಧಾನಕ್ಕೆ ಹೋಗಿ ಮೇಸ್ತ್ರಿ," ಎಂಬ ಮಾತು ಹೊರಬಿತ್ತು. ಅವನು ಆಸೆಯಿಂದ ತಿರುಗಿ ನೋಡಿದ. ಬಿ-ಯುನ್ ತನ್ನ ಮೇಲೆ ತಾನೇ ಸಿಡುಕುತ್ತಾ ಬಾಗಿಲು ಹಾಕಿಕೊಂಡಳು.