ಶೇಕರ್ ಕಟ್ಟುವ ಜಾಗ

ಮೇಧಾ ಹಾರವನ್ನು ಗಂಗುಲಪ್ಪನವರ ಎದೆಯ ಮೇಲಿಟ್ಟು ಹಿಂದಕ್ಕೆ ಸರಿಯುವಷ್ಟರಲ್ಲಿ ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ತಮಟೆ ಜೋರಾಯಿತು. ಮಗ ಅಂಬರೀಶ್ ಮಡಕೆ ಹಿಡಿದು ಮುಂದೆ ನಡೆದ. ಮಂಡಿಕಲ್ಲಿನ ಆ ಬೀದಿಯ ತಿರುವಿನಲ್ಲಿ ಎಲ್ಲರೂ ಮರೆಯಾದ ಮೇಲೆ ಮನೆಯ ಮುಂದೆ ಹೆಂಗಸರಷ್ಟೇ ಉಳಿದರು.

ಮೇಧಾಳ ತಲೆಯಲ್ಲಿ ಒಂದು ಪ್ರಶ್ನೆಯಿತ್ತು. ಸಾವಿನ ಮನೆಯಲ್ಲಿ ಕೇಳುವಂಥದ್ದಲ್ಲ. ಸೋಮವಾರ ಬೆಂಗಳೂರಿನ ಅವಳ ಲ್ಯಾಬಿನಲ್ಲಿ ಹೊಸ ವಿಮಾನದ ರೆಕ್ಕೆಯನ್ನು ನಡುಗಿಸಿ ಪರೀಕ್ಷಿಸಬೇಕಿತ್ತು. ನಡುಗಿಸುವ ಯಂತ್ರಕ್ಕೆ ಅಲ್ಲಿ ಶೇಕರ್ ಎನ್ನುತ್ತಾರೆ. ಅದನ್ನು ಎಲ್ಲಿ ಕಟ್ಟಬೇಕೆಂದು ಕೇಳಲು, ಅಲ್ಲೇ ಟೆಕ್ನಿಷಿಯನ್ ಆಗಿ ನಿವೃತ್ತರಾದ ಗಂಗುಲಪ್ಪನವರಿಗೆ ಹದಿನೈದು ದಿನದ ಹಿಂದೆ ಫೋನ್ ಮಾಡಿದ್ದಳು. ಎತ್ತಿದ್ದು ಹೆಂಡತಿ ಕದಿರಮ್ಮ.

"ಫೋನಲ್ಲಿ ಆಗಲ್ವಂತಮ್ಮ. ಬಂದ್ರೆ ತೋರಿಸ್ತಾರಂತೆ."

ಬರಲು ಬಿಡುವಾಗಿರಲಿಲ್ಲ.

*

ಮೇಧಾ ಕೆಲಸಕ್ಕೆ ಸೇರಿದ ವರ್ಷ, ಕಂಪ್ಯೂಟರ್ ಲೆಕ್ಕ ನೋಡಿ ವಿಮಾನದ ಬಾಲದ ರೆಕ್ಕೆಗೆ ತಾನೇ ಶೇಕರ್ ಕಟ್ಟಿಸಿದ್ದಳು. ಮೂರು ಬಗೆಯ ನಡುಕ ಕಾಣಬೇಕಿತ್ತು, ಎರಡೇ ಕಂಡವು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಗಂಗುಲಪ್ಪನವರು ರೆಕ್ಕೆಯನ್ನು ಮೆಲ್ಲಗೆ ಗುದ್ದುತ್ತ, ಇನ್ನೊಂದು ಕೈಯ ಬೆರಳ ತುದಿಯನ್ನು ಅದರ ಮೇಲೆ ಇಂಚಿಂಚೇ ಜರುಗಿಸುತ್ತ ಹೋದರು.

"ನೀವು ಕಟ್ಟಿರೋ ಜಾಗ ಒಂದು ನಡುಕದಲ್ಲಿ ಅಲ್ಲಾಡೋದೇ ಇಲ್ಲ ಕಣಮ್ಮ. ಅಲ್ಲಿ ಎಷ್ಟು ತಳ್ಳಿದ್ರೂ ಅದು ಏಳಲ್ಲ."

"ಹಾಗಾದ್ರೆ ತುದಿಗೆ ಕಟ್ಟೋಣ್ವಾ? ಅಲ್ಲಿ ಜಾಸ್ತಿ ಆಡುತ್ತೆ."

"ಬ್ಯಾಡ. ಜಾಸ್ತಿ ಆಡೋ ಕಡೆ ಕಟ್ಟಿದ್ರೆ ಶೇಕರ್ ತೂಕಾನೂ ಸೇರ್ಕೊಂಡು ಆಡುತ್ತೆ. ಯಾವುದು ರೆಕ್ಕೆ ನಡುಕ, ಯಾವುದು ನಮ್ದು, ಗೊತ್ತಾಗಲ್ಲ."

ತುದಿಯಿಂದ ಒಂದು ಗೇಣು ಒಳಕ್ಕೆ, ಅಂಚಿನ ಹತ್ತಿರ ಕಟ್ಟಿದರು. ಮೂರನೆಯದೂ ಕಂಡಿತು. ಹೇಗೆ ಗೊತ್ತಾಯಿತು ಎಂದು ಮೇಧಾ ಬೆನ್ನ ಹಿಂದಿನಿಂದ ಕೇಳಿದಳು. ಅವರು ತಿರುಗಿಯೂ ನೋಡಲಿಲ್ಲ. ಜಂಬದ ಮನುಷ್ಯ ಎಂದುಕೊಂಡಳು.

*

ಕದಿರಮ್ಮ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಕೂತ ಮೇಧಾಗೆ ತಡೆಯಲಾಗಲಿಲ್ಲ.

"ಅಮ್ಮಾ, ನನಗೆ ಏನು ತೋರಿಸ್ತೀನಿ ಅಂದಿದ್ರು ಅವರು?"

"ಅದೆಲ್ಲ ನಂಗೇನು ತಿಳೀತದಮ್ಮ. ಹೇಳಿದ್ರೆ ಬರಲ್ಲ, ಆ ಹುಡುಗಿ ಬೆರಳಿಗೇ ತಿಳೀಬೇಕು ಅಂತಿದ್ರು." ಕದಿರಮ್ಮ ಅವಳ ಮುಖ ನೋಡಿದರು. "ಅವರಿಗೆ ಕಿವಿ ಕೇಳ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ವಾ?"

ಮೇಧಾ ಇಲ್ಲವೆಂದು ತಲೆಯಾಡಿಸಿದಳು.

"ಹತ್ತು ವರ್ಷದೋರಿದ್ದಾಗ ಜ್ವರ ಬಂತಂತೆ. ಮಾತು ಉಳೀತು, ಕಿವಿ ಹೋಯ್ತು. ಕೆಲಸಕ್ಕೆ ಸೇರೋವಾಗ ಡಾಕ್ಟರ ತುಟಿ ನೋಡ್ಕೊಂಡೇ ಉತ್ತರ ಹೇಳಿ ಪಾಸಾದ್ರು. ಯಾರಿಗೂ ಬಾಯಿಬಿಡಬ್ಯಾಡ ಅಂತ ನಂಗೂ ಆಣೆ ಹಾಕಿಸಿದ್ರು. ಈಗ ಹೇಳಿದ್ರೇನು, ಇನ್ಯಾರು ತೆಗೀತಾರೆ ಕೆಲಸದಿಂದ?"

"ನಾನು… ಜಂಬ ಅಂದ್ಕೊಂಡಿದ್ದೆ, ಅಮ್ಮ."

"ಎಲ್ರೂ ಹಂಗೇ ಅಂದ್ಕೊಳ್ಳೋರು. ಅಂದ್ಕೊಳ್ಳಲಿ ಬಿಡು, ಅದೇ ವಾಸಿ ಅನ್ನೋರು."

ಕದಿರಮ್ಮ ಗೋಡೆ ಬಿಟ್ಟು ಅವಳ ಕಡೆ ತಿರುಗಿದರು.

"ನಾನೂ ಒಂದು ಕೇಳ್ಲಾ? ಆ ನಡುಗಿಸೋ ಮಿಷನ್ನು ಎಂಥಾ ಸದ್ದು ಮಾಡ್ತದೆ? ಮೂವತ್ತೆರಡು ವರ್ಷ ಅದರ ಪಕ್ಕದಲ್ಲೇ ಇದ್ರು. ಕೇಳಿದ್ರೆ, ಬೆರಳು ಜುಮ್ಮನ್ನುತ್ತೆ ಅನ್ನೋರು, ಅಷ್ಟೇ."

ಒಳಗೆ ಯಾರೋ ಬಿಕ್ಕುತ್ತಿದ್ದರು. ಮೇಧಾ ಒಮ್ಮೆ ಸುತ್ತ ನೋಡಿದಳು. ಆಮೇಲೆ ತುಟಿ ಮುಚ್ಚಿ, ಗಂಟಲಿನಲ್ಲೇ ತಗ್ಗಾಗಿ ಗುಂಯ್ ಎಂದು ಶುರುಮಾಡಿ, ನಿಧಾನವಾಗಿ ಸ್ವರ ಏರಿಸುತ್ತ ಹೋದಳು. ಅಂಗಳದ ಹೆಂಗಸರು ತಿರುಗಿ ನೋಡಿದರು. ಕದಿರಮ್ಮ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಅವಳ ಹತ್ತಿರಕ್ಕೆ ಬಾಗಿದರು.