ಆವರಣದ ಒಳಗೆ ಪ್ಲಸ್ ಮೂರು

೧

ಎಲ್ಲಿಂದ ಶುರು ಮಾಡಲಿ? ಮದುವೆಯ ದಿನದ ಜಗಳದಿಂದ ಶುರು ಮಾಡಿ ನೋಡಿದೆ, ಗಲಾಟೆ ಜಾಸ್ತಿಯಾಯಿತು, ಹರಿದು ಹಾಕಿದೆ. ಪರೀಕ್ಷಾ ಕೊಠಡಿಯಿಂದ ಶುರು ಮಾಡಿದೆ, ನನಗೇ ಬೆವರು ಬಂತು. ಈಗ ಒಂದು ಅಡುಗೆಮನೆಯ ಮೇಜಿನಿಂದ ಶುರು ಮಾಡುತ್ತಿದ್ದೇನೆ. (ಓದುಗರೇ, ಹೆದರಬೇಡಿ, ಈ ಕಥೆಯಲ್ಲಿ ಗಣಿತ ಬರುವುದಿಲ್ಲ.)

ಮೇಜಿನ ಈಚೆ ಕತ್ತರಿಯಮ್ಮ. ಹೊಲಿಗೆ ತರಬೇತಿ ಕೇಂದ್ರದಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಸುವವರು, ಅದಕ್ಕೇ ಆ ಹೆಸರು. ಕೇಂದ್ರಕ್ಕೆ ಹೊಸ ನಿಯಮ ಬಂದಿದೆ: ಕಲಿಸುವವರೆಲ್ಲ ಹನ್ನೆರಡನೇ ತರಗತಿಯ ಗಣಿತ ಪಾಸಾಗಿರಬೇಕು. ಕತ್ತರಿಯಮ್ಮ ಆಗಿಲ್ಲ. ಈ ಸಲವೂ ಆಗದಿದ್ದರೆ ಆ ಉದ್ದನೆಯ ಮೇಜು, ಸೀಮೆಸುಣ್ಣ, ಸುತ್ತ ನಿಂತು ಕಣ್ಣು ಮಿಟುಕಿಸದೆ ನೋಡುವ ಹುಡುಗಿಯರು, ಎಲ್ಲ ಬೇರೆಯವರ ಪಾಲು. ಆ ಕೆಲಸ ಬಿಟ್ಟರೆ ದಿನ ಹೇಗೆ ಕಳೆಯುತ್ತದೆಂದು ಅವರಿಗೆ ನಿಜವಾಗಿಯೂ ಗೊತ್ತಿಲ್ಲ.

ಮೇಜಿನ ಆಚೆ ಅವರ ಬೀಗಿತಿ, ಅಂದರೆ ಮಗಳ ಅತ್ತೆ, ನಿವೃತ್ತ ಗಣಿತ ಟೀಚರ್. ಮದುವೆಗೆಂದು ಕತ್ತರಿಯಮ್ಮ ಇವರಿಗೆ ಹೊಲಿದುಕೊಟ್ಟ ಕೋಟು ಬಿಗಿಯಾಗಿ, ಗುಂಡಿ ಹಾರಿ ಫೋಟೋಗ್ರಾಫರನ ಹಣೆಗೆ ಬಡಿದಿತ್ತು. "ಅಳತೆ ಕೊಟ್ಟ ಮೇಲೆ ತಿಂದು ಊದಿಕೊಂಡ್ರೆ ನಾನೇನು ಮಾಡ್ಲಿ?" ಅಂದಿದ್ದರು ಕತ್ತರಿಯಮ್ಮ, ಎಲ್ಲರ ಎದುರಿಗೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಗಳು ಇಬ್ಬರ ಕೈಕಾಲು ಹಿಡಿದು ಈ ಪಾಠಕ್ಕೆ ಕೂರಿಸಿದ್ದಾಳೆ. (ಬೀಗಿತಿ ಇಡೀ ಕಥೆಯಲ್ಲಿ ತುಟಿ ಬಿಚ್ಚುವುದಿಲ್ಲ.)

೨

"ನೋಡಿ," ಅಂದರು ಬೀಗಿತಿ, ಗೋಡೆಯನ್ನು ನೋಡುತ್ತಾ. "ಇದು ಎಕ್ಸ್ ಸ್ಕ್ವೇರ್. ಗ್ರಾಫ್ ಬಟ್ಟಲಿನ ಥರ ಬರುತ್ತೆ. ಹೊರಗಿಂದ ಮೂರು ಕೂಡಿಸಿದ್ರೆ ಬಟ್ಟಲು ಮೂರು ಮನೆ ಮೇಲೆ ಹೋಗುತ್ತೆ."

ಕತ್ತರಿಯಮ್ಮ ರಟ್ಟಿನಲ್ಲಿ ಒಂದು ಬಟ್ಟಲು ಕತ್ತರಿಸಿಕೊಂಡು ಬಂದಿದ್ದರು. ಗ್ರಾಫ್ ಹಾಳೆಯ ಮೇಲೆ ಅದನ್ನು ಮೇಲಕ್ಕೆ ಸರಿಸಿದರು. ಸಲೀಸಾಗಿ ಹೋಯಿತು.

"ಈಗ ಆವರಣದ, ಅಂದ್ರೆ ಬ್ರಾಕೆಟ್ಟಿನ, ಒಳಗೆ. ಎಕ್ಸ್ ಪ್ಲಸ್ ಮೂರು, ಅದರ ಸ್ಕ್ವೇರ್. ಎಲ್ಲಿಗೆ ಹೋಗುತ್ತೆ?"

ಕತ್ತರಿಯಮ್ಮ ಬಲಕ್ಕೆ ಸರಿಸಿದರು.

"ಎಡಕ್ಕೆ."

"ಕೂಡಿಸಿದ್ದೀವಲ್ಲ ಬೀಗರೇ? ಕೂಡಿಸಿದ್ರೆ ಮುಂದಕ್ಕೆ ತಾನೇ ಹೋಗ್ಬೇಕು?"

"ಒಳಗಿರೋದು ಎಲ್ಲಿ ಸೊನ್ನೆ ಆಗುತ್ತೋ ಅಲ್ಲಿ ಬಟ್ಟಲಿನ ತಳ. ಎಕ್ಸ್‌ನ ಬೆಲೆ ಮೈನಸ್ ಮೂರಾದ್ರೆ ತಾನೇ ಪ್ಲಸ್ ಮೂರು ಸೇರಿ ಸೊನ್ನೆ ಆಗೋದು? ಒಳಗೆ ಮಾಡಿದ್ದು ಹೊರಗೆ ಉಲ್ಟಾ ಕಾಣುತ್ತೆ. ಅಷ್ಟೇ."

ಕತ್ತರಿಯಮ್ಮ ರಟ್ಟನ್ನು ಮೇಜಿನ ಮೇಲೆ ಕುಕ್ಕಿದರು. ಆಮೇಲೆ ತಿರುಗಿ ನೇರ ನನ್ನನ್ನೇ ನೋಡಿದರು.

"ಏನಪ್ಪಾ ಕಥೆಗಾರ, ಪರೀಕ್ಷೆ ಶುಕ್ರವಾರ ಅಂತ ಬರೆದಿದ್ದೀಯಂತೆ? ಇವತ್ತು ಸೋಮವಾರ. ಈ ತಲೆಗೆ ಇದು ಇಳೀಬೇಕಾದ್ರೆ ಇನ್ನೂ ಮೂರು ದಿನ ಜಾಸ್ತಿ ಬೇಕು. ಮುಂದಕ್ಕೆ ಹಾಕು."

ಪಾತ್ರಗಳು ಹೀಗೆ ಮೈಮೇಲೆ ಬಂದರೆ ನಾನು ಬಗ್ಗುವವನಲ್ಲ. ಆದರೆ ಅವರ ಕಣ್ಣು ತುಂಬಿತ್ತು. ಬರೆದುಬಿಟ್ಟೆ. (ಪರೀಕ್ಷೆಯ ದಿನ ಪ್ಲಸ್ ಮೂರು.)

೬

೩, ೪, ೫ನೇ ಭಾಗಗಳಲ್ಲಿ ಕತ್ತರಿಯಮ್ಮ ಕೂತು ಓದಬೇಕಿತ್ತು. ಅವು ಮಾಯವಾದವು. ಪರೀಕ್ಷೆ ಶುಕ್ರವಾರದಿಂದ ಹಿಂದಕ್ಕೆ ಸರಿದು ಮಂಗಳವಾರಕ್ಕೆ, ಅಂದರೆ ನಾಳೆಗೇ, ಬಂದು ಕೂತಿತ್ತು.

"ಆವರಣದೊಳಗೆ ಬರೆದ್ಯಾ?" ಬೀಗಿತಿ ಹಣೆ ಚಚ್ಚಿಕೊಂಡರು. "ಇಷ್ಟು ಹೊತ್ತು ನಾನು ಯಾರಿಗೆ ಪಾಠ ಮಾಡ್ತಿದ್ದೆ?"

"ಅಭ್ಯಾಸಬಲ ಮೇಡಂ," ಅಂದೆ. ಓದುಗರೇ, ನನ್ನ ಹಿಂದಿನ ಆವರಣಗಳನ್ನು ಬೇಕಾದರೆ ತಿರುಗಿ ನೋಡಿ. ಗಣಿತ ಬರುವುದಿಲ್ಲ ಅಂದಿದ್ದೆ, ಬಂತು. ಬೀಗಿತಿ ತುಟಿ ಬಿಚ್ಚುವುದಿಲ್ಲ ಅಂದಿದ್ದೆ, ಈಗ ಅವರ ಬಾಯಿ ಮುಚ್ಚಿಸುವವರಿಲ್ಲ. ಅಳಿಸಲು ರಬ್ಬರ್ ಎತ್ತಿದೆ.

"ಮುಟ್ಟಿದ್ರೆ ನೋಡು," ಅಂದರು ಕತ್ತರಿಯಮ್ಮ. "ಇನ್ನೊಂದು ಸಲ ಕೈ ಹಾಕಿದ್ರೆ ಪರೀಕ್ಷೆ ನಿನ್ನೆಗೆ ಹೋಗುತ್ತೆ."

ಬೇರೆ ದಾರಿಯಿಲ್ಲದೆ ಇಬ್ಬರೂ ಮತ್ತೆ ಹಾಳೆಯ ಮೇಲೆ ಬಗ್ಗಿದರು.

"ಒಳಗೆ ಎರಡರಿಂದ ಗುಣಿಸಿದ್ರೆ?" ಕೇಳಿದರು ಕತ್ತರಿಯಮ್ಮ.

"ಬಟ್ಟಲಿನ ಅಗಲ ಅರ್ಧ ಆಗುತ್ತೆ. ಬಿಗಿ."

"ಒಳಗೆ ಜಾಸ್ತಿ ಆದ್ರೆ ಹೊರಗೆ ಬಿಗಿ." ಕತ್ತರಿಯಮ್ಮ ಪೆನ್ಸಿಲ್ ಕೆಳಗಿಟ್ಟರು. "ಬೀಗರೇ, ಆ ಕೋಟು ಇಟ್ಟಿದ್ದೀರಾ?"

ಬೀಗಿತಿ ಕಪಾಟಿನಿಂದ ತಂದು ಮೇಜಿನ ಮೇಲೆ ಎಸೆದರು. ಕತ್ತರಿಯಮ್ಮ ಅದನ್ನು ಒಳಮೈ ಹೊರಗೆ ಮಾಡಿದರು. ಎರಡೂ ಪಕ್ಕದ ಹೊಲಿಗೆಯಲ್ಲಿ ಮಡಚಿಟ್ಟ ಬಟ್ಟೆ, ಅಂಗೈ ಅಗಲ.

"ಮುಂದೆ ಎಂದಾದ್ರೂ ಸಡಿಲ ಬೇಕಾದ್ರೆ ಬಿಚ್ಚಿಕೊಳ್ಳಲಿ ಅಂತ ಒಳಗೆ ಧಾರಾಳವಾಗಿ ಬಿಟ್ಟೆ. ಬೀಗರು ಅನ್ನೋ ಅಕ್ಕರೆಗೆ. ಇದ್ದದ್ದೇ ಅಷ್ಟು ಬಟ್ಟೆ. ಒಳಗೆ ಬಿಟ್ಟಿದ್ದೆಲ್ಲ ಹೊರಗೆ ಕಮ್ಮಿ ಆಯ್ತು. ನೀವು ಊದಿರಲಿಲ್ಲ."

"ನಾನು ದಪ್ಪ ಆಗ್ತೀನಿ ಅಂತ ಮೊದಲೇ ಲೆಕ್ಕ ಹಾಕಿದ್ರಿ ಅನ್ನಿ."

"ಮದುವೆ ಮನೆ ಊಟ ಅಲ್ವಾ ಬೀಗರೇ?"

ಬೀಗಿತಿ ಮುಖ ಗಂಟು ಹಾಕಲು ನೋಡಿದರು, ಆಗಲಿಲ್ಲ, ನಕ್ಕುಬಿಟ್ಟರು. ಆ ಮಧ್ಯಾಹ್ನವೆಲ್ಲ ಕತ್ತರಿಯಮ್ಮ ಹೊಲಿಗೆ ಬಿಚ್ಚುತ್ತಾ ಉತ್ತರ ಹೇಳಿದರು, ಬೀಗಿತಿ ತಿದ್ದಿದರು. ಕೆಲವು ಬಟ್ಟಲುಗಳು ಸರಿಯಾಗಿ ಎಡಕ್ಕೆ ಹೋದವು. ಕೆಲವು ಹಟ ಹಿಡಿದು ಬಲಕ್ಕೇ ಓಡಿದವು.

೭

ಪರೀಕ್ಷಾ ಕೊಠಡಿ. ಪ್ರಶ್ನೆ ಬಂದದ್ದು ಆವರಣದೊಳಗೆ ಮೈನಸ್ ಐದು. ಕತ್ತರಿಯಮ್ಮನ ಪೆನ್ಸಿಲ್ ಎಡಕ್ಕೆ ಹೊರಟು, ನಿಂತು, ಕೋಟಿನ ಒಳಮೈ ನೆನಪಿಸಿಕೊಂಡಿತು. ಆಮೇಲೆ ಅವರು ಮೊಣಕೈ ಅಡ್ಡ ಇಟ್ಟರು, ನನಗೆ ಕಾಣಲಿಲ್ಲ.

ತಡೆಯಲಾರದೆ, ಆವರಣದ ಹೊರಗಾದರೂ ಸಹಾಯ ಮಾಡೋಣವೆಂದು, ಪ್ಲಸ್ ಮೂರು ಅಂಕ ಅಂತ ಬರೆದೆ. ಕತ್ತರಿಯಮ್ಮ ಕುರ್ಚಿ ಮೇಜು ಸಮೇತ ಮೂರು ಮಹಡಿ ಮೇಲೆ ಹೋದರು. ಉಳಿದ ಉತ್ತರಗಳನ್ನು ಅಲ್ಲೇ, ನೀರಿನ ಟ್ಯಾಂಕಿನ ಪಕ್ಕ, ಗಾಳಿಗೆ ಹಾರುವ ಹಾಳೆಯನ್ನು ಮೊಣಕಾಲಿನಲ್ಲಿ ಒತ್ತಿಕೊಂಡು ಬರೆದರು.

ಅಂತ್ಯ ಒಂದು: ಅವರು ಪಾಸಾಗುತ್ತಾರೆ, ಬೀಗಿತಿ ಸಡಿಲ ಕೋಟು ತೊಟ್ಟು ಕೇಂದ್ರಕ್ಕೆ ಬರುತ್ತಾರೆ. ಹೊಡೆದು ಹಾಕಿದೆ, ತೀರಾ ಅಚ್ಚುಕಟ್ಟು. ಅಂತ್ಯ ಎರಡು: ತಿದ್ದುವವನಿಗೂ ಎಡಬಲ ಗೊತ್ತಿರುವುದಿಲ್ಲ, ಸರಿ ಉತ್ತರಕ್ಕೂ ಸೊನ್ನೆ ಹಾಕುತ್ತಾನೆ. ಹೊಡೆದು ಹಾಕಿದೆ, ತೀರಾ ಅನ್ಯಾಯ.

"ನನ್ನ ಪರೀಕ್ಷೆ ನಾನು ಬರೆದಾಯ್ತು," ಅಂದರು ಕತ್ತರಿಯಮ್ಮ, ಮೆಟ್ಟಿಲಿಳಿಯುತ್ತಾ. "ಫಲಿತಾಂಶ ನೀನು ಬರೀಬೇಡ. ನಿನ್ನ ಕೈಗುಣ ಗೊತ್ತಾಗಿದೆ."

ಆದರೆ ಆ ಉದ್ದನೆಯ ಮೇಜಿನ ಮುಂದೆ ಅವರಲ್ಲದೆ ಬೇರೊಬ್ಬರು ನಿಲ್ಲುವುದನ್ನು ನನ್ನಿಂದ ನೋಡಲಾಗದು. ಬೀಗಿತಿಯನ್ನು ಪಕ್ಕಕ್ಕೆ ಕರೆದು ಕೇಳಿದೆ: ಆವರಣದೊಳಗೆ ಬರೆದದ್ದೆಲ್ಲ ಉಲ್ಟಾ ಆಗುತ್ತದೆ ತಾನೇ?

"ಗಣಿತದಲ್ಲಿ ಎಡಬಲಕ್ಕೆ ಮಾತ್ರ," ಅಂದರು ಬೀಗಿತಿ, ಕೋಟಿನ ಗುಂಡಿ ತಿರುವುತ್ತಾ. "ಪಾಸು ಫೇಲಿಗೂ ಆಗುತ್ತೋ ಇಲ್ವೋ, ನಂಗೂ ಗೊತ್ತಿಲ್ಲಪ್ಪ. ಬರಿ, ನೋಡೋಣ."

ಆವರಣ ತೆರೆಯುತ್ತಿದ್ದೇನೆ. ಇಷ್ಟು ಪ್ರೀತಿಯಿಂದ ನಾನು ಯಾವ ವಾಕ್ಯವನ್ನೂ ಬರೆದಿಲ್ಲ.

(ಕತ್ತರಿಯಮ್ಮ ಫೇಲಾದರು.)