ಒಂದೇ ನಂಬರಿನ ಎರಡು ಪೆಟ್ಟಿಗೆ

ಎಂಜಿನ್ ಇಲ್ಲದೆ ಗಾಳಿಯಲ್ಲೇ ತೇಲುವ ಗ್ಲೈಡರ್ ವಿಮಾನಗಳ ಮೈದಾನದ ರಿಪೇರಿಯವಳಿಗೆ ತನ್ನ ಕೈಕೆಲಸದ ಬಗ್ಗೆ ಸ್ವಲ್ಪ ಜಂಬ ಇತ್ತು. ಸ್ವಲ್ಪವೇನು, ಸಾಕಷ್ಟೇ ಇತ್ತು ಅನ್ನಿ. ಹದಿನಾಲ್ಕು ವರ್ಷದಲ್ಲಿ ಅವಳ ಮೇಜಿನಿಂದ ಹೋದ ಒಂದು ಪೆಟ್ಟಿಗೆಯೂ ದೂರು ಹೊತ್ತು ವಾಪಸ್ ಬಂದಿರಲಿಲ್ಲ. ಬೇರೆಯವರು ಹಾಕಿದ ಬೆಸುಗೆ ಕಂಡರೆ ಮೂಗು ಮುರಿಯುತ್ತಿದ್ದಳು.

ಪೆಟ್ಟಿಗೆ ಅಂದರೆ ಡಿಕ್ಕಿಯ ಎಚ್ಚರಿಕೆ ಕೊಡುವ ಪೆಟ್ಟಿಗೆ. ಅಂಗೈಯಷ್ಟು ಅಗಲ, ಪೈಲಟ್ ತನ್ನೆದುರಿಗೆ ಸಿಕ್ಕಿಸಿಕೊಳ್ಳುವಂಥದ್ದು. ತಾನೆಲ್ಲಿದ್ದೇನೆಂದು ಸುತ್ತಲೂ ಸಾರುತ್ತದೆ, ಬೇರೆ ಪೆಟ್ಟಿಗೆಗಳು ಸಾರುವುದನ್ನು ಕೇಳಿಸಿಕೊಳ್ಳುತ್ತದೆ, ಇನ್ನೊಂದು ವಿಮಾನ ಹತ್ತಿರ ಬಂದರೆ ಕಿರುಚುತ್ತದೆ. ಪ್ರತಿಯೊಂದಕ್ಕೂ ಅದರದೇ ನಂಬರು. ತನ್ನ ನಂಬರಿನ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ಸುಮ್ಮನಿರುತ್ತದೆ. ಇಲ್ಲದಿದ್ದರೆ ಪಾಪ, ತನಗೆ ತಾನೇ ಹೆದರಿಕೊಂಡು ದಿನವಿಡೀ ಅರಚಬೇಕಾಗುತ್ತಿತ್ತು.

ಆವತ್ತು ಗ್ಲೈಡರ್ ಹಾರಿಸುವ ತಂಗಿಯ ಪೆಟ್ಟಿಗೆ ಕೈಕೊಟ್ಟಿತ್ತು.

"ಬೇಗ ಬೇರೆ ಕೊಡೇ ಅಕ್ಕ. ಎಂಥಾ ಮೋಡ ಎದ್ದಿದೆ ನೋಡು, ಕೆಳಗೆ ಒಳ್ಳೇ ಏರುಗಾಳಿ ಇರತ್ತೆ, ಭಾವ ಆಗ್ಲೇ ಹಾರಿಬಿಟ್ರು."

"ನಿನ್ನ ಭಾವಂಗೆ ಮೋಡ ಕಂಡ್ರೆ ಹೆಂಡ್ತಿ ಇರೋದೂ ಮರೆತುಹೋಗತ್ತೆ. ತಡಿ."

ಗಂಡನ ಪೆಟ್ಟಿಗೆಯ ಸೆಟ್ಟಿಂಗ್ ಕಂಪ್ಯೂಟರಿನಲ್ಲಿತ್ತು. ಅದನ್ನೇ ಹೊಸ ಪೆಟ್ಟಿಗೆಗೆ ತುಂಬಿ, ತಂಗಿಯ ಕೈಗಿಟ್ಟು ಕಳಿಸಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ, ಮೇಲಿರುವ ಪೆಟ್ಟಿಗೆಗಳನ್ನು ಚುಕ್ಕಿಗಳಾಗಿ ತೋರಿಸುವ ಗೋಡೆಯ ಪರದೆ ವಿಚಿತ್ರವಾಗಿ ಆಡತೊಡಗಿತು. ಮೇಲಿದ್ದದ್ದು ಎರಡು ಗ್ಲೈಡರ್, ಕಾಣಿಸುತ್ತಿದ್ದದ್ದು ಒಂದೇ ಚುಕ್ಕಿ. ಅದರ ಪಕ್ಕದಲ್ಲಿ ಎತ್ತರ ಒಂದು ಸಲ ಒಂಬೈನೂರು ಮೀಟರ್, ಮರುಕ್ಷಣ ಎಂಟುನೂರ ಇಪ್ಪತ್ತು, ಮತ್ತೆ ಒಂಬೈನೂರು. ಆಂಟೆನಾ ಸಡಿಲವಾಗಿರಬೇಕೆಂದು ತಿರುಗಿಸಿ ಬಿಗಿ ಮಾಡಿದಳು. ಆಟ ನಿಲ್ಲಲಿಲ್ಲ. ಆಗ ಚುಕ್ಕಿಯ ಕೆಳಗಿನ ನಂಬರು ಓದಿದಳು. ಗಂಡನದು. ಹಾಗಾದರೆ ತಂಗಿಯ ನಂಬರೆಲ್ಲಿ?

ಎಲ್ಲವನ್ನೂ ತುಂಬಿದ್ದಳು, ನಂಬರು ಬದಲಾಯಿಸುವುದನ್ನು ಮರೆತಿದ್ದಳು. ಈಗ ಎರಡು ಪೆಟ್ಟಿಗೆಗಳೂ ಒಂದನ್ನೊಂದು ತಾನೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದವು.

ಕಿಟಕಿಗೆ ಓಡಿದಳು. ಒಂದೇ ಮೋಡದ ಕೆಳಗೆ, ಮೇಲೇರುವ ಗಾಳಿಯಲ್ಲಿ ಎರಡು ಬಿಳಿ ರೆಕ್ಕೆಗಳು ಸುತ್ತುತ್ತಿದ್ದವು. ಮೇಲೆ ಗಂಡ, ಕೆಳಗೆ ತಂಗಿ, ಅವನಿಗಿಂತ ಬೇಗ ಏರುತ್ತಿದ್ದಾಳೆ. ಅವಳು ಅವನ ಕಣ್ಣಿಗೆ ಬೀಳದಂತೆ ಅವನದೇ ವಿಮಾನದ ಹೊಟ್ಟೆ ಅಡ್ಡವಿದೆ. ಅವಳೋ ನೆತ್ತಿಯ ಮೇಲೆ ನೋಡುವವಳಲ್ಲ, ಏನಾದರೂ ಇದ್ದರೆ ಪೆಟ್ಟಿಗೆ ಹೇಳುತ್ತದೆ, ಅಕ್ಕ ಕೊಟ್ಟ ಪೆಟ್ಟಿಗೆ.

ರೇಡಿಯೋ ಪಕ್ಕದ ಕೋಣೆಯಲ್ಲಿತ್ತು. ಅಲ್ಲಿ ಮೈದಾನದ ಮೇಲ್ವಿಚಾರಕರು ನಾಲ್ಕು ಜನ ಪೈಲಟ್‌ಗಳ ಜೊತೆ ಚಹಾ ಕುಡಿಯುತ್ತಾ ಕೂತಿದ್ದರು. ಅದರಲ್ಲಿ ಆಡಿದ ಮಾತು ಅವರಿಗೂ ಕೇಳುತ್ತದೆ, ಹಾರುತ್ತಿರುವ ಎಲ್ಲರಿಗೂ ಕೇಳುತ್ತದೆ. ರಿಪೇರಿಯವಳ ಕೈ ಮೊಬೈಲಿಗೆ ಹೋಯಿತು. ಗಂಡನಿಗೊಬ್ಬನಿಗೆ ಹೇಳಿದರೆ ಸಾಕಲ್ಲ, ಮಾತು ಮನೆಯೊಳಗೇ ಉಳಿಯುತ್ತದೆ.

ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಹಾರುವಾಗ ಅವನು ಯಾವತ್ತೂ ಫೋನ್ ಎತ್ತಿದವನಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳುವುದಕ್ಕೂ ನಾಚಿಕೆಯಾಗುತ್ತದೆ, ಅವಳು ಇನ್ನೊಂದು ಸಲ ಅದೇ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂಬೈನೂರ ಹತ್ತು. ಎಂಟುನೂರ ಎಂಬತ್ತು.

ಫೋನ್ ಬಿಸಾಡಿ ಓಡಿದಳು. ಮೇಲ್ವಿಚಾರಕರನ್ನು ತಳ್ಳಿಕೊಂಡೇ ಮೈಕ್ ಕಿತ್ತುಕೊಂಡಳು. ಇಬ್ಬರೂ ಒಟ್ಟಿಗೆ ಹೊರಳಿದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಒಬ್ಬರು ಮಾತ್ರ ಹೊರಗೆ ಬರಬೇಕು, ಅಷ್ಟು ಬುದ್ಧಿ ಇನ್ನೂ ಉಳಿದಿತ್ತು.

"ಪುಟ್ಟೀ, ಮೂಗು ಕೆಳಗೆ ಮಾಡು! ಸುತ್ತೋದು ಬಿಡು, ನೇರ ಹೊರಗೆ ಬಾ! ರೀ, ನೀವು ಹಾಗೇ ಸುತ್ತಿ, ಏನೂ ಮಾಡ್ಬೇಡಿ!"

ಕಿಟಕಿಯಾಚೆ ಎರಡು ರೆಕ್ಕೆಗಳು ಒಂದಾದವು. ಆಮೇಲೆ ಒಂದು ರೆಕ್ಕೆ ಮೋಡದ ನೆರಳಿನಿಂದ ಜಾರಿ ಬಿಸಿಲಿಗೆ ಬಂತು. ಇನ್ನೊಂದು ಸುತ್ತುತ್ತಲೇ ಇತ್ತು.

"ಅಕ್ಕಾ..." ರೇಡಿಯೋದಲ್ಲಿ ತಂಗಿಯ ದನಿ ಬಂತು. "ಭಾವನ ಚಕ್ರ ನನ್ನ ತಲೆ ಮೇಲೇ ಇತ್ತು."

ಇಬ್ಬರೂ ಇಳಿದರು. ರಿಪೇರಿಯವಳು ನಂಬರಿನ ವಿಷಯ ಎಲ್ಲರೆದುರೇ ಹೇಳಿಬಿಟ್ಟಳು. ಮೇಲ್ವಿಚಾರಕರ ಮುಖ ಗಂಟಿಕ್ಕಿತು, ಆಮೇಲೆ ತಾನಾಗೇ ಸಡಿಲವಾಯಿತು.

"ತಪ್ಪು ತಪ್ಪೇ, ಅದನ್ನ ಆಮೇಲೆ ನೋಡೋಣ. ಸಮಯಕ್ಕೆ ಸರಿಯಾಗಿ ಕೂಗಿದ್ರಲ್ಲ, ಅದು ದೊಡ್ಡದು."

"ಇನ್ಮೇಲೆ ಇಡೀ ಆಕಾಶಕ್ಕೇ ನಾನು 'ರೀ' ಆದೆ," ಅಂತ ಗಂಡ ನಗಲು ನೋಡಿದ. ನೀರಿನ ಬಾಟಲಿಯ ಮುಚ್ಚಳ ಮಾತ್ರ ಅವನಿಂದ ತೆರೆಯಲಾಗಲಿಲ್ಲ. ತಂಗಿ ಓಡಿ ಬಂದು ಅಕ್ಕನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನೀನು ನೋಡ್ದೇ ಇದ್ದಿದ್ರೆ ಸತ್ತೇ ಹೋಗ್ತಿದ್ವಿ ಕಣೇ."

ಇಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೆ ಆ ಅಪ್ಪುಗೆಯನ್ನು ರಿಪೇರಿಯವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಸಮಯಕ್ಕೆ ಕೂಗ್ಲಿಲ್ಲ ಪುಟ್ಟಿ. ಗೊತ್ತಾದ ಮೇಲೆ ಮೊದಲು ನಿನ್ನ ಭಾವಂಗೆ ಫೋನ್ ಮಾಡ್ದೆ. ಎರಡು ಸಲ. ಬೇರೆ ಯಾರಿಗೂ ಕೇಳಿಸ್ಬಾರ್ದು ಅಂತ."

ತಂಗಿಯ ತೋಳು ಮೆಲ್ಲಗೆ ಸಡಿಲವಾಯಿತು.

"ಎಷ್ಟು ಹೊತ್ತು?"

"ಅರ್ಧ ನಿಮಿಷ. ಜಾಸ್ತೀನೇ ಇರ್ಬಹುದು."

ತಂಗಿ ಕಣ್ಣೊರೆಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ಅಕ್ಕನ ಮುಖ ನೋಡಿದಳು.

"ಅಷ್ಟು ಹೊತ್ತೂ ನಾನು ಹಾಡ್ಕೊಂಡಿದ್ದೆ," ಅಂದಳು.